ನನ್ನ ‘ನಳ ಬಂದಾವ’ ಆ್ಯಪ್

ಒಂದು ಶುಭ ಶುಕ್ರವಾರ ನಾನು ಘೋರ ಶಪಥ ಮಾಡಿದೆ. ನಮ್ಮ ಓಣಿಯನ್ನು ಗುರುಬಾಯಿ ಆಯಿಯ ಗಂಟಲಿನಿಂದ ಬಿಡುಗಡೆ ಮಾಡಿ, ಕೈ ಹಿಡಿದು ಇಪ್ಪತ್ತೊಂದನೆಯ ಶತಮಾನಕ್ಕೆ ತಂದು ನಿಲ್ಲಿಸಿಯೇ ತೀರುತ್ತೇನೆ!

ನಮ್ಮ ಓಣಿ ಇರುವುದು ವಿಜಯಪುರದಲ್ಲಿ, ಇಟ್ಟಂಗಿಹಾಳ ರಸ್ತೆಯ ಕಡೆ. ನಳದ ನೀರು ದಿನವೂ ಬರುವುದಿಲ್ಲ. ಬರುವ ದಿನವೂ ಹೊತ್ತು ಹೇಳಿ ಬರುವುದಿಲ್ಲ. ಎದುರು ಮನೆಯ ಗುರುಬಾಯಿ ಆಯಿಯ ನಳ ಓಣಿಯ ಇಳಿಜಾರಿನಲ್ಲಿದೆ, ಹೀಗಾಗಿ ನೀರು ಮೊದಲು ಕಾಣುವುದು ಆಕೆಗೆ. ಕಂಡ ತಕ್ಷಣ ಆಕೆ ಹೊಸ್ತಿಲಲ್ಲಿ ನಿಂತು “ನಳಾ ಬಂದಾವ್ರೇ ಯವ್ವಾ!” ಎಂದು ಒದರುತ್ತಾಳೆ. ಮಲಗಿದವರು ಎದ್ದು, ಊಟಕ್ಕೆ ಕೂತವರು ತಾಟು ಬಿಟ್ಟು ಓಡುತ್ತಾರೆ. ಓಣಿಯ ಮೋಟರುಗಳೆಲ್ಲ ಒಟ್ಟಿಗೆ ಗುಂಯ್‌ಗುಡುತ್ತವೆ. ನಾನೋ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮಾಸ್ತರ. ಲೋಕಕ್ಕೆಲ್ಲ ಕ್ಲೌಡ್ ಪಾಠ ಹೇಳುವವನ ಮನೆಯ ನೀರು ಒಬ್ಬ ಮುದುಕಿಯ ಕೂಗಿನ ಮೇಲೆ ನಿಂತಿದೆ ಎಂದರೆ ಮಾನ ಉಳಿಯುತ್ತದೆಯೇ?

“ಮೊಬೈಲ್ ಆ್ಯಪ್ ಮಾಡ್ತೇನಿ, ಮುನೀರಾ!” ಎಂದೆ ಹೆಂಡತಿಗೆ. “ನೀರು ಬಂದಕೂಡ್ಲೆ ಆಯಿ ಒಂದ ಗುಂಡಿ ಒತ್ತೂದು. ಇಡೀ ಓಣಿಯ ಫೋನು ಒಮ್ಮೆಲೆ ಬಡಕೋತಾವ.”

“ಅದಕ್ಕ ದೊಡ್ಡ ಕಂಪ್ಯೂಟರ್ ಬೇಕಾಗ್ತದಲ್ಲ? ಎಲ್ಲಿಡ್ತೀರಿ? ಮೊದಲ ಮನಿಯಾಗ ಕಾಲಿಡಾಕ ಜಾಗಿಲ್ಲ.”

“ಮಜಾ ಇರೂದ ಅಲ್ಲೆ! ಮನಿಯಾಗ ಏನೂ ಇಡಂಗಿಲ್ಲ. ಎಲ್ಲಾ ಕ್ಲೌಡ್‌ನ್ಯಾಗ. ಸುದ್ದಿ ಹಿಡಿಯೂದು, ಮಂದಿಗೆ ಮುಟ್ಟಿಸೂದು, ಎಲ್ಲಾ ಯಾವುದೋ ದೇಶದಾಗಿನ ಕಂಪ್ಯೂಟರ್ ನೋಡ್ಕೋತಾವ.”

“ಕ್ಲೌಡ್ ಅಂದ್ರ ಮೋಡ ಅಲ್ಲೇನ್ರಿ?”

“ಹೌದು.”

“ವಿಜಯಪುರದಾಗ ಹುಟ್ಟಿ ಬೆಳದು ಮೋಡಾ ನಂಬತೀರಿ?”

ಇಂಥ ಸಣ್ಣ ಮಾತಿಗೆ ಮಹಾತ್ಮರು ಕಿವಿಗೊಡಬಾರದು. ನಾನು ಕಿವಿಗೊಡಲಿಲ್ಲ. ಆ್ಯಪ್ ತಯಾರಾಯಿತು! ಎಚ್ಚರಿಕೆಯ ಸದ್ದು ಯಾವುದಿರಲಿ ಎಂದು ಯೋಚಿಸಿ, ಕೊನೆಗೆ ಆಯಿಯ ಅಸಲಿ ಕೂಗನ್ನೇ ರೆಕಾರ್ಡ್ ಮಾಡಿ ಕೂಡಿಸಿದೆ. ಆಯಿಯ ಹೊಸ ಫೋನಿಗೆ ನಮ್ಮ ಮನೆಯ ವೈಫೈ ಜೋಡಿಸಿದೆ. ಮನೆಮನೆಗೆ ಹೋಗಿ ಎಲ್ಲರ ಫೋನಿಗೂ ಆ್ಯಪ್ ಹಾಕಿಕೊಟ್ಟು ಬಂದೆ.

“ಇನ್ನ ಮ್ಯಾಲ ಒದರಬ್ಯಾಡ್ರಿ ಆಯಿ, ಗಂಟಲಕ್ಕ ತ್ರಾಸ. ಬರೇ ಈ ಗುಂಡಿ ಒತ್ರಿ.”

“ನೆಟ್ ಇರದಿದ್ರ?” ಎಂದಳು ಆಯಿ. ಆಕೆ ಸಾಮಾನ್ಯಳಲ್ಲ.

“ಇರದಿದ್ರೂ ಚಿಂತಿ ಇಲ್ಲ! ನೀವು ಒತ್ತಿದ್ದನ್ನ ಫೋನು ಜ್ವಾಕಿ ಇಟ್ಕೋತದ. ನೆಟ್ ಬಂದಕೂಡ್ಲೆ ತಾನ ಕಳಸ್ತದ. ಒಂದೂ ಹಾಳಾಗಂಗಿಲ್ಲ!” ಎಂದು ಎದೆ ಉಬ್ಬಿಸಿದೆ. ಈ ಒಂದು ಮಾತನ್ನು ನಾನು ಆಡದಿದ್ದರೆ ಇವತ್ತು ಈ ಬರಹವೇ ಇರುತ್ತಿರಲಿಲ್ಲ.

ಕೆಲವು ವಾರ ಆ್ಯಪ್ ಕುದುರೆಯಂತೆ ಓಡಿತು. ಓಣಿಯವರು ನಳದ ಕೆಳಗೆ ಕೊಡ ಇಟ್ಟು ಕಿವಿಗೊಟ್ಟು ಕೂಡುವುದನ್ನೇ ಬಿಟ್ಟರು. ಎದುರಿಗೆ ಸಿಕ್ಕವರು “ಮಾಸ್ತರ, ಭಾರಿ ಮಾಡೀರಿ ಬಿಡ್ರಿ” ಎನ್ನುತ್ತಿದ್ದರು. ನಾನು ನಡೆಯುವ ರೀತಿಯೇ ಬದಲಾಗಿತ್ತು ಎಂದು ಮುನೀರಾ ಹೇಳುತ್ತಾಳೆ.

ಅಷ್ಟರಲ್ಲಿ ಬಂತು ಆ ರವಿವಾರ. ಮುನೀರಾಳ ತಂಗಿ ತರನ್ನುಮ ನಮ್ಮಲ್ಲೇ ಇದ್ದು ಬಿ.ಎಡ್. ಮುಗಿಸಿದ ಹುಡುಗಿ. ಅವಳನ್ನು ನೋಡಲು ಹೊನವಾಡದಿಂದ ಇಮ್ರಾನ ಮತ್ತು ಅವನ ತಾಯಿ ಸುರೈಯಾ ಖಾಲಾ ಬರುವವರಿದ್ದರು. ಹುಡುಗ ದ್ರಾಕ್ಷಿ ತೋಟದವನು, ಗುಣವಂತ. ತರನ್ನುಮ ಅವನ ಫೋಟೋ ನೋಡಿದಾಗಿನಿಂದ ಸುಮ್ಮಸುಮ್ಮನೆ ನಗುತ್ತಿದ್ದಳು. ಆದರೆ ಖಾಲಾ ಬಲು ಕಟ್ಟುನಿಟ್ಟು, ಹುಡುಗಿ ಹೇಗೆ ಕೂಡುತ್ತಾಳೆ, ಹೇಗೆ ಏಳುತ್ತಾಳೆ ಎಂಬುದನ್ನೆಲ್ಲ ನೋಡುತ್ತಾರೆ ಎಂದು ಸುದ್ದಿ. ಈ ಸಂಬಂಧ ತಪ್ಪಿದರೆ ಮುನೀರಾ ನನ್ನನ್ನು ಈ ಜನ್ಮದಲ್ಲಿ ಬಿಡುತ್ತಿರಲಿಲ್ಲ.

ಆವತ್ತೇ ನೀರಿನ ಪಾಳಿ. ನಾನು ನಸುಕಿನಲ್ಲೇ ಎದ್ದು ಹೊಸ ಕುರ್ತಾಕ್ಕೆ ಇಸ್ತ್ರಿ ಮಾಡಿಕೊಂಡು ನಮಾಜಿಗೆ ಹೋಗಿ ಬಂದೆ. ಬೆಳಗಾಯಿತು, ಬಿಸಿಲೇರಿತು, ಫೋನು ಸದ್ದಿಲ್ಲ.

“ಏನ್ರೀ, ಟಾಕಿ ಖಾಲಿ ಆಗೇದ! ಡ್ರಮ್ಮಿನ ತಳದಾಗಿನ ನೀರು ಬಿರಿಯಾನಿಗೆ ಹೋತು. ಬಂದ ಮಂದಿ ಕೈ ಹ್ಯಾಂಗ ತೊಳೀತಾರ?”

“ಯಾಕ ಗಾಬರಿ ಆಗ್ತಿ ಬೇ? ನೀರು ಬಂದ್ರ ಆ್ಯಪ್ ಹೇಳ್ತದ!”

“ಒಂದ ಸಲ ಆಯಿನ್ನ ಕೇಳಿ ಬರ್ರಿ.”

“ತಂತ್ರಜ್ಞಾನ ಇರೂವಾಗ ಮಂದಿನ್ನ ಕೇಳಾಕ ಹೋಗೂದು ನಾಚಿಕಿಗೇಡು!”

ಬಾಗಿಲಲ್ಲಿ ಗಾಡಿ ನಿಂತಿತು. ಸುರೈಯಾ ಖಾಲಾ ಬಂದು ಕೂತರು. ನಗಲಿಲ್ಲ. ನಾನು ಮಾತು ತೆಗೆಯಬೇಕಲ್ಲ, ನನ್ನ ಆ್ಯಪಿನ ಮಹಿಮೆ ಶುರುಮಾಡಿದೆ. ಇಮ್ರಾನ ಪಾಪ, ಮರ್ಯಾದೆಯ ಹುಡುಗ. “ನನ್ನ ಫೋನಿಗೂ ಹಾಕ್ರಿ” ಎಂದ. ವೈಫೈ ಕೊಡೋಣವೆಂದು ನೋಡಿದರೆ ಡಬ್ಬಿಯ ದೀಪ ಆರಿತ್ತು! ಇಸ್ತ್ರಿಪೆಟ್ಟಿಗೆಗಾಗಿ ನಸುಕಿನಲ್ಲಿ ಅದರ ಪ್ಲಗ್ ಕಿತ್ತವನು ನಾನೇ, ಮತ್ತೆ ಹಾಕಿರಲಿಲ್ಲ. ಓಹೋ ಇಷ್ಟೇ ತಾನೇ ಎಂದು ನಗುತ್ತ ಪ್ಲಗ್ ಹಾಕಿದೆ. ಇಮ್ರಾನನ ಫೋನಿಗೆ ಆ್ಯಪ್ ಇಳಿಯಿತು. ಅವನು ಅದನ್ನು ಜೇಬಿಗಿಟ್ಟುಕೊಂಡ. ತಲೆಯ ಮೇಲೆ ದುಪಟ್ಟಾ ಹೊದ್ದು, ನೆಲ ನೋಡುತ್ತ, ಶರಬತ್ತಿನ ತಾಟು ಹಿಡಿದು ತರನ್ನುಮ ಬಂದಳು. ಖಾಲಾ ಕನ್ನಡಕ ಸರಿಮಾಡಿಕೊಂಡು ನೋಡತೊಡಗಿದರು. ಮನೆಯೆಲ್ಲ ಗಪ್‌ಚಿಪ್.

“ನಳಾ ಬಂದಾವ್ರೇ ಯವ್ವಾ!”

ಮದುಮಗನ ಜೇಬು ಒದರಿತು! ನನ್ನ ಜೇಬು ಒದರಿತು! ಅಡುಗೆಮನೆ ಒದರಿತು, ಪಕ್ಕದ ಮನೆ ಒದರಿತು, ಇಡೀ ಓಣಿ ಒದರಿತು! ಒಂದು ಸಲವಲ್ಲ, ಮುಗಿಯುತ್ತಲೇ ಮತ್ತೆ, ಮತ್ತೆ! ತರನ್ನುಮ ತಾಟನ್ನು ಇಮ್ರಾನನ ಮಡಿಲಲ್ಲಿ ಬಿಟ್ಟಳು. ಶರಬತ್ತು ಅವನ ಬಿಳಿ ಪ್ಯಾಂಟಿನ ಮೇಲೆ ಹರಿಯುವಷ್ಟರಲ್ಲಿ ಅವನ ಚಾಚಿದ ಕಾಲು ದಾಟಿ, ಮೂಲೆಯ ಕೊಡ ಎತ್ತಿ, ಅಂಗಳಕ್ಕೆ ಹಾರಿದಳು! ಹಿಂದೆ ಮುನೀರಾ, ಕೈಯಲ್ಲಿ ಬಿರಿಯಾನಿಯ ಸೌಟು! ನಾನು ಧುಮುಕಿ ಮೋಟರಿನ ಗುಂಡಿ ಒತ್ತಿದೆ.

ಮೋಟರು ಗುಂಯ್ ಎಂದಿತು, ಕೆಮ್ಮಿತು, ಹೊಗೆ ಬಿಟ್ಟು ಸತ್ತಿತು. ನಳದಿಂದ ಸುಯ್ ಎಂದು ಬರೀ ಗಾಳಿ ಬಂತು. ಕೊಡ ಹಿಡಿದ ಇಡೀ ಓಣಿ ಬೀದಿಯಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿತು. ಆಗ ಎದುರು ಹೊಸ್ತಿಲಲ್ಲಿ ಫೋನು ಹಿಡಿದು ಗುರುಬಾಯಿ ಆಯಿ ಕಾಣಿಸಿಕೊಂಡಳು.

“ಈಗ್ಯಾಕ ಓಡಾಕತ್ತೀರಿ? ನೀರು ನಸಕಿನ್ಯಾಗ ಬಂದು ಹೋದ್ವಲ್ಲ!”

ನಾನು ಬೀದಿಗೆ ಓಡಿ ಬಂದೆ. “ಮತ್ತ ಹೇಳಬೇಕಿಲ್ಲೇನ್ರಿ ಆಯಿ!”

“ಹೇಳೂದೇನ? ಗುಂಡಿ ಒತ್ತಿ ಒತ್ತಿ ಬೆರಳ ಸವದ್ವು! ಒಂದ ಫೋನೂ ಒದರಲಿಲ್ಲ. ನಾನಾದ್ರೂ ಒದರಬೇಕಂದ್ರ, ಒದರಬ್ಯಾಡ ಅಂದಾಂವ ನೀನ ಅಲ್ಲೇನೋ ಮಾಸ್ತರ? ಫೋನು ಜ್ವಾಕಿ ಇಟ್ಕೋತದ, ಒಂದೂ ಹಾಳಾಗಂಗಿಲ್ಲ ಅಂದಿದ್ದಿ. ಖರೇನ ಹಾಳಾಗಿಲ್ಲ ನೋಡು, ಎಲ್ಲಾ ಈಗ ಬಂದಾವ!”

ನಾನು ಪ್ಲಗ್ ಕಿತ್ತಾಗ ಆಯಿಯ ನೆಟ್ ಹೋಗಿತ್ತು. ನಾನು ಪ್ಲಗ್ ಹಾಕಿದ ಮೇಲೆ ಆಕೆಯ ಫೋನು ತುಸು ತಡವಾಗಿ ವೈಫೈ ಹಿಡಿದು, ನಸುಕಿನಿಂದ ಒತ್ತಿದ್ದೆಲ್ಲ ಒಂದೇ ಉಸಿರಿಗೆ ಹೊರಟು ಬಂದಿತ್ತು! ಕ್ಲೌಡ್ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತ್ತು. ಓಣಿಯ ಹೆಂಗಸರು ಖಾಲಿ ಕೊಡಗಳೊಂದಿಗೆ ನನ್ನ ಕಡೆ ತಿರುಗಿದರು. ಮುನೀರಾ ಸೌಟನ್ನು ಹಿಡಿದ ರೀತಿ ನೋಡಿ ನಾನು ಮನೆಯೊಳಗೆ ಓಡಿದೆ.

ಒಳಗೆ ಇನ್ನೂ ದೊಡ್ಡ ಆಘಾತ. ಸುರೈಯಾ ಖಾಲಾ ಎದ್ದು ನಿಂತಿದ್ದರು. ಇಮ್ರಾನನ ಮಡಿಲಿನಿಂದ ಶರಬತ್ತು ತೊಟ್ಟಿಕ್ಕುತ್ತಿತ್ತು. ಹಿಂದೆಯೇ ಬಂದ ತರನ್ನುಮ ಖಾಲಿ ಕೊಡ ಅಪ್ಪಿಕೊಂಡು ಬಾಗಿಲಲ್ಲಿ ನಿಂತಳು. ದುಪಟ್ಟಾ ಎಲ್ಲೋ, ಕಣ್ಣಲ್ಲಿ ನೀರು. ಓಣಿಯವರು ಆವತ್ತು ಕಂಡ ನೀರು ಅದೊಂದೇ. ಆ ಹುಡುಗಿಯ ನಗು ನನ್ನಿಂದ ಹೋಯಿತಲ್ಲ!

“ಬಾ ಬೇ ಇಲ್ಲೆ,” ಎಂದರು ಖಾಲಾ. ತರನ್ನುಮ ಕೊಡದ ಸಮೇತ ಹೋದಳು.

“ನೀರು ಅಂದಕೂಡ್ಲೆ ನನ್ನ ಮಗನ್ನ ದಾಟಿ ಓಡಿದಿ?”

“ತಪ್ಪಾತ್ರಿ ಖಾಲಾ…”

“ತಪ್ಪ್ಯಾಕ? ನಮ್ಮ ಓಣ್ಯಾಗೂ ನಳ ಹಿಂಗ ಕೈ ಕೊಡ್ತಾವ. ಇಂವಾ ಸಾವಿರ ಸಲ ಕರದ್ರೂ ಏಳಂಗಿಲ್ಲ. ಇಂಥಾ ಸೊಸೀನ ಹುಡಕಾಕತ್ತಿದ್ದೆ ನಾ!” ಎಂದವರೇ ಅವಳ ಬಾಯಿಗೆ ಪೇಢೆ ತುರುಕಿದರು. ಇಮ್ರಾನ ಒದ್ದೆ ಪ್ಯಾಂಟಿನಲ್ಲೇ ಹಲ್ಲು ಕಿರಿದ.

ನನ್ನ ಎದೆ ತಕ್ಷಣ ಮತ್ತೆ ಉಬ್ಬಿತು. “ನೋಡಿದ್ರೇನ್ರಿ ಖಾಲಾ, ಸಂಬಂಧ ಕೂಡಿಸಿದ್ದು ನನ್ನ ಆ್ಯಪ್!”

“ಹೌದ್ರಿ. ಆದ್ರ ಮದವಿ ಆಮಂತ್ರಣ ಅದ್ರಾಗ ಕಳಸಬ್ಯಾಡ್ರಿ. ಮಂದಿ ಕೂಸು ತೊಟ್ಟಿಲಕ್ಕ ಹಾಕೂ ಹೊತ್ತಿಗೆ ಬಂದಾರು.”

ಕೈ ತೊಳೆಯಲು ಗುರುಬಾಯಿ ಆಯಿಯೇ ತನ್ನ ಹಂಡೆಯ ನೀರು ಕೊಟ್ಟಳು. ಪುಕ್ಕಟೆ ಅಲ್ಲ, ಒಂದು ಕರಾರಿನ ಮೇಲೆ. “ಒದರಿದ್ರ ನನ್ನ ಗಂಟಲಕ್ಕ ತ್ರಾಸ ಅಂದಿದ್ದಿ ಅಲ್ಲ ಮಾಸ್ತರ? ಖರೇ ಐತಿ. ಇನ್ನ ಮ್ಯಾಲ ನೀನ ಒದರು.” ಓಣಿಯವರೆಲ್ಲ ಅವಿರೋಧವಾಗಿ ಒಪ್ಪಿದರು. ಮುನೀರಾ ಎಲ್ಲರಿಗಿಂತ ಮೊದಲು ಕೈ ಎತ್ತಿದಳು.

ಈಗ ನೀರಿನ ಪಾಳಿಯ ದಿನ ನಸುಕಿನಲ್ಲೇ ಆಯಿಯ ನಳದ ಮುಂದೆ ಕುಕ್ಕರಗಾಲಿನಲ್ಲಿ ಕೂಡುತ್ತೇನೆ. ಮೊದಲ ಹನಿ ಬೀಳುತ್ತಲೇ ಲುಂಗಿ ಎತ್ತಿ ಕಟ್ಟಿ, ಓಣಿಯ ನಡುವೆ ನಿಂತು, ಎಂ.ಸಿ.ಎ. ಮುಗಿಸಿದ ಗಂಟಲಿನಿಂದ “ನಳಾ ಬಂದಾವ್ರೇ ಯವ್ವಾ!” ಎಂದು ಒದರುತ್ತೇನೆ.

ಅಷ್ಟಕ್ಕೂ ಸಮಾಧಾನವಿಲ್ಲ. ಹಾಸಿಗೆಯೊಳಗಿನಿಂದ ಮುನೀರಾಳ ದನಿ ಬರುತ್ತದೆ:

“ಏನ್ರೀ, ಒಂಚೂರು ಮುಂದ ಬಂದು ಒದರ್ರಿ! ಇಲ್ಲೆ ಒಳಗ ನೆಟ್‌ವರ್ಕ್ ಬರವಲ್ದು!”