ವಾದ ಗೆದ್ದು ಬರೆಸಿದ ಸ್ಕ್ಯಾನ್

ವಾದದಲ್ಲಿ ಗೆಲ್ಲುವ ಚಟವೂ ಒಂದು ಕಾಯಿಲೆಯೇ. ಆದರೆ ಇದಕ್ಕೆ ಯಾವ ವಿಮೆಯೂ ಸಿಗುವುದಿಲ್ಲ. ನನಗದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅಂಟಿತು. ಪರವೋ ವಿರೋಧವೋ ಎಂಬುದನ್ನು ಚೀಟಿ ಹೇಳುತ್ತಿತ್ತು. ನಂಬಿಕೆ ಆಮೇಲೆ ಹುಟ್ಟುತ್ತಿತ್ತು. 'ವೈದ್ಯಕೀಯ ವೆಚ್ಚಕ್ಕೆ ಕಡಿವಾಣ ಬೇಕು' ಎಂಬ ವಿಷಯ ಬಂದಾಗ ಮಾತ್ರ ನಿಜಕ್ಕೂ ನಂಬಿ ಮಾತಾಡಿದೆ. ಮಂಗಳೂರಿನ ಬೋಳಾರದ ನಮ್ಮ ಮನೆಯಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದ ಅಮ್ಮನನ್ನೇ ಸಭೆಯೆಂದು ಭಾವಿಸಿ ವಾರವಿಡೀ ಗುಡುಗಿದೆ: ಬೇಡದ ಸ್ಕ್ಯಾನ್, ಬೇಡದ ಟೆಸ್ಟ್! ನಾವು ನುಂಗುವ ಮಾತ್ರೆಗಳಲ್ಲಿ ಅರ್ಧ ನಮ್ಮ ಆರೋಗ್ಯಕ್ಕೆ, ಇನ್ನರ್ಧ ಕಂಪನಿಯ ಆರೋಗ್ಯಕ್ಕೆ! ಅಮ್ಮ, "ಹೌದೌದು, ಆ ಬೆಕ್ಕನ್ನು ಓಡಿಸು" ಎಂದಳು. ಕಪ್ ನನಗೇ ಬಂತು.

ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ಅಮ್ಮ ತಲೆ ತಿರುಗಿ ಗ್ರೈಂಡರ್ ಪಕ್ಕದಲ್ಲೇ ಕುಸಿದು ಕೂತಳು. ಮನೆಯಲ್ಲಿರುವುದು ನಾವಿಬ್ಬರೇ, ನಾನು ಆಟೋ ಕರೆಯಲು ಓಡಿದೆ. ಮಂಗಳೂರಿನಲ್ಲಿ ಎಡವಿ ಬಿದ್ದರೂ ಆಸ್ಪತ್ರೆಯ ಬಾಗಿಲಿಗೇ ಬೀಳಬೇಕು. ಆದರೂ ಅಮ್ಮ ಹಠ ಹಿಡಿದು ಹೋದದ್ದು ದೇವಸ್ಥಾನದ ಬಳಿಯ ಹಳೇ ಡಾಕ್ಟರ ಕ್ಲಿನಿಕ್ಕಿಗೆ. ಅವರು ಬಿ.ಪಿ. ನೋಡಿದರು.

"ಜಾಸ್ತಿ ಉಂಟಲ್ಲ ಅಕ್ಕಾ. ಮಾತ್ರೆ ಸರಿಯಾಗಿ..."

"ತಲೆಯೊಳಗೆ ಎಂತಾದ್ರೂ ಆಗಿದ್ರೆ ಡಾಕ್ಟ್ರೇ? ಸ್ಕ್ಯಾನ್ ಬೇಡ್ವಾ?" ಎಂದು ನಡುವೆ ನುಗ್ಗಿದೆ.

"ಬೇಡ ಮಾರಾಯ್ತಿ. ಮೊದಲು..."

"ನೋಡದೆ ಬೇಡ ಅಂತ ಹೇಗೆ ಹೇಳ್ತೀರಿ? ಪುರಾವೆ ಎಂತ ಉಂಟು?"

ಸ್ಕ್ಯಾನಿನ ವಿರುದ್ಧ ಕಪ್ ಗೆದ್ದ ಅದೇ ನಾಲಿಗೆ ಈಗ ಸ್ಕ್ಯಾನಿನ ಪರ ಮೂರು ಅಂಶ, ಒಂದು ಉಪಸಂಹಾರ ಮಂಡಿಸಿತು. "ಆಯ್ತು, ನೀನೇ ಗೆದ್ದೆ. ಹೊರಗೆ ಜನ ಕಾಯ್ತಿದ್ದಾರೆ" ಎಂದು ಡಾಕ್ಟರು ಚೀಟಿ ಬರೆದರು.

ದೊಡ್ಡ ಆಸ್ಪತ್ರೆಯಲ್ಲಿ ಹೃದಯದವರು ಕಿವಿಯವರ ಬಳಿಗೆ, ಕಿವಿಯವರು ನರದವರ ಬಳಿಗೆ ಕಳಿಸಿದರು. ಅಡ್ಮಿಟ್ ಆದರೆ ಮಾತ್ರ ಇನ್ಶೂರೆನ್ಸ್ ಎಂದದ್ದಕ್ಕೆ, ಕಾರಿಡಾರಿನಲ್ಲಿ ಆರಾಮವಾಗಿ ಓಡಾಡುತ್ತಿದ್ದ ಅಮ್ಮನನ್ನು ಹಾಸಿಗೆಯ ಮೇಲೆ ಮಲಗಿಸಿದೆ. ನೆಂಟರು ಮೂಸಂಬಿ ಹಿಡಿದು ಬಂದರು. "ಬಿ.ಪಿ. ಮಾತ್ರೆ ಉಂಟಾ?" ಎಂದು ಕೇಳಿದ ಡಾಕ್ಟರುಗಳಿಗೆಲ್ಲ ಅಮ್ಮನ ಪರವಾಗಿ ನಾನೇ "ಉಂಟು" ಎಂದೆ. ಕೊನೆಗೆ ಸ್ಕ್ಯಾನಿನಲ್ಲಿ ತಲೆಯೊಳಗೆ ಏನೂ ಸಿಗಲಿಲ್ಲ, ಅಮ್ಮನ ತಲೆಯೊಳಗೆ. ನನ್ನದನ್ನು ಯಾರೂ ಸ್ಕ್ಯಾನ್ ಮಾಡಲಿಲ್ಲ.

ದಪ್ಪ ಫೈಲು ಹಿಡಿದು ಮತ್ತೆ ಹಳೇ ಡಾಕ್ಟರಲ್ಲಿಗೆ ಹೋದೆವು. ಅವರು ಅದನ್ನು ಬಿಚ್ಚಲೇ ಇಲ್ಲ.

"ನೀನು ಎರಡು ನಿಮಿಷ ಬಾಯಿ ಮುಚ್ಚು. ಅಕ್ಕಾ, ಮಾತ್ರೆ ದಿನಾ ತಿಂತೀರಾ?"

"ದಿನಾ ಇಲ್ಲ ಡಾಕ್ಟ್ರೇ. ಒಂದು ದಿನ ಬಿಟ್ಟು ಒಂದು ದಿನ. ಅರ್ಧ ಕಂಪನಿಗೆ ಅಂತೆ ಅಲ್ವಾ?"

"ಯಾರು ಹೇಳಿದ್ದು?"

ಅಮ್ಮ ಹೆಮ್ಮೆಯಿಂದ ನನ್ನತ್ತ ಕೈ ತೋರಿಸಿದಳು. "ಇವಳೇ. ಅದಕ್ಕೆ ಕಪ್ ಕೂಡ ಸಿಕ್ಕಿದೆ."

ಇಷ್ಟು ವರ್ಷ ತೀರ್ಪುಗಾರರು ನನಗೆ ಅಂಕ ಕೊಟ್ಟರು. ನನ್ನ ಮಾತನ್ನು ನಂಬಿದ್ದು ಅಮ್ಮ ಒಬ್ಬಳೇ. ಈಗ ಮಾತ್ರೆಗಳು ಆ ಕಪ್ಪಿನೊಳಗೇ ಇರುತ್ತವೆ. ದಿನಾ ತಿಂಡಿಯಾದ ಮೇಲೆ ಒಂದನ್ನು ತೆಗೆದುಕೊಡುತ್ತೇನೆ. ಅಮ್ಮ ಅದನ್ನು ನುಂಗುವವರೆಗೆ ನಾನು ತುಟಿ ಬಿಚ್ಚುವುದಿಲ್ಲ. ನಾನು ಏನಾದರೂ ಹೇಳಿ, ಅವಳು ಒಪ್ಪಿಬಿಟ್ಟರೆ?