ಸಂತಪುರದ ಇಪ್ಪತ್ತೆರಡು ಮೆಟ್ಟಿಲು

ಓದು ಒಂದಲ್ಲ ಒಂದು ದಿನ ಮುಗಿಯುತ್ತದೆ ಎಂದು ನಂಬಿಕೊಂಡವರಲ್ಲಿ ನಾನೂ ಒಬ್ಬಳು. ಐದು ವರ್ಷ ವಾಸ್ತುಶಿಲ್ಪ ಓದಿ, ಕೊನೆಯ ಪರೀಕ್ಷೆ ಬರೆದು ಪೆನ್ನಿನ ಮುಚ್ಚಳ ಹಾಕಿದ ಮಧ್ಯಾಹ್ನ, ಇನ್ನು ಮೇಲೆ ನನ್ನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲವೆಂದು ಬಹಳ ಹಗುರಾಗಿದ್ದೆ. ಬೀದರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ಆ ನಂಬಿಕೆ ಇನ್ನೂ ಗಟ್ಟಿಯಾಯಿತು. ಇಲ್ಲಿಯ ಜನ ನನ್ನನ್ನು ಕೇಳುವುದು ಅಡುಗೆಮನೆ ಯಾವ ದಿಕ್ಕಿಗೆ ಬರಬೇಕೆಂಬ ಒಂದೇ ಪ್ರಶ್ನೆ. ಅದರ ಉತ್ತರವನ್ನೂ ಅವರೇ ತಂದಿರುತ್ತಾರೆ. ಹೀಗೆ ಮೂರು ವರ್ಷ ಸುಖವಾಗಿ ಕಳೆದಿದ್ದವು. ಒಂದು ಸೋಮವಾರ ನಮ್ಮ ಆಫೀಸಿನ ಸರ್ ಚಹಾದ ಕಪ್ಪು ಕೆಳಗಿಟ್ಟು, “ನೋಡ್ರಿ ಮೇಡಂ, ಭಾಲ್ಕಿ ಲೈಬ್ರರಿ ನಕ್ಷಾದ ಮ್ಯಾಲ ಈ ಸಲ ನಿಮ್ಮ ಹೆಸರೂ ಹಾಕೋಣ” ಎಂದರು. ನನಗೆ ಖುಷಿಪಡಲು ಅರ್ಧ ನಿಮಿಷವೂ ಸಿಗಲಿಲ್ಲ. “ಆದ್ರ ಹೆಸರು ಹಾಕೋರೆಲ್ಲ ಆನ್‌ಲೈನ್ ಕೋರ್ಸ್ ಮುಗಿಸಿರಬೇಕಂತ ಲೈಬ್ರರಿಯವರು ಕಂಡೀಷನ್ ಹಾಕ್ಯಾರ. ಹನ್ನೆರಡು ತಾಸಿಂದು. ಶನಿವಾರದೊಳಗ ಸರ್ಟಿಫಿಕೇಟ್ ಬಂದ್ರ ನಿಮ್ಮ ಹೆಸರು, ಇಲ್ಲಂದ್ರ ನಂದೊಂದೇ.” ನಾನು ಹೌಹಾರಿದೆ. ನಕ್ಷೆಯ ಕೆಳಗಿನ ಮೂಲೆಯ ಆ ಪುಟ್ಟ ಚೌಕದಲ್ಲಿ ನನ್ನ ಹೆಸರು ಇದುವರೆಗೆ ಒಮ್ಮೆಯೂ ಬಂದಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿಕೊಂಡವಳಲ್ಲ, ಆದರೆ ಮನೆಯಲ್ಲಿ ಹಳೆಯ ನಕ್ಷೆಯ ಹಿಂಬದಿಯಲ್ಲಿ ಆ ಚೌಕವನ್ನು ಬರೆದು, ಹೆಸರು ಎಷ್ಟು ದೊಡ್ಡದಿದ್ದರೆ ಚಂದವೆಂದು ನೋಡಿದ್ದುಂಟು.

ಕೋರ್ಸಿನ ವಿಷಯ ವಯಸ್ಸಾದವರೂ ಕಾಲಿನ ತೊಂದರೆಯವರೂ ಸಲೀಸಾಗಿ ಓಡಾಡುವಂಥ ಕಟ್ಟಡ ಕಟ್ಟುವುದು. ಒಳ್ಳೆಯ ವಿಷಯವೇ. ಆದರೆ ಹನ್ನೆರಡು ತಾಸು ಕೂತು ನೋಡುವ ವಾಸ್ತುಶಿಲ್ಪಿ ಈ ಭೂಮಿಯ ಮೇಲೆ ಇದ್ದಾರೆಂದು ನನಗೆ ಅನ್ನಿಸುವುದಿಲ್ಲ. ನಮ್ಮಲ್ಲಿ ಎಲ್ಲರೂ ಮಾಡುವುದು ಒಂದೇ. ಪಾಠದ ಸದ್ದು ಅಡಗಿಸಿ, ಒಂದು ಕಡೆ ಓಡಲು ಬಿಟ್ಟು, ಇನ್ನೊಂದು ಕಡೆ ನಮ್ಮ ಕೆಲಸ. ಕೋರ್ಸು ಮಾಡಿದವರಿಗೂ ಇದು ಗೊತ್ತಿರಬೇಕು, ಹತ್ತು ನಿಮಿಷಕ್ಕೊಮ್ಮೆ ‘ನೀವು ಇದ್ದೀರಾ?’ ಎಂದು ಪರದೆಯ ಮೇಲೆ ಒಂದು ಡಬ್ಬಿ ಎದ್ದು ಕೇಳುತ್ತದೆ. ಒಂದು ನಿಮಿಷದೊಳಗೆ ‘ಹೌದು’ ಒತ್ತದಿದ್ದರೆ ಪಾಠ ಮೊದಲಿನಿಂದ. ಇದರ ಜವಾಬ್ದಾರಿಯನ್ನು ಅವ್ವ ವಹಿಸಿಕೊಂಡಳು. ರೊಟ್ಟಿ ಬಡಿಯುತ್ತ, ಲ್ಯಾಪ್‌ಟಾಪನ್ನು ಕಟ್ಟೆಯ ಮೇಲಿಟ್ಟುಕೊಂಡು, “ಏ, ಅದೀಯೇನು ಅಂತ ಕೇಳ್ಲಿಕತ್ತದ ನೋಡು. ಅದಾಳಪಾ ಅದಾಳ, ಎಲ್ಲಿ ಹೋಗ್ತಾಳ” ಎನ್ನುತ್ತ ಹಿಟ್ಟಿನ ಬೆರಳಿನಿಂದ ಒತ್ತುತ್ತಿದ್ದಳು. ನಾನು ಒಳಗಿನ ಕೋಣೆಯಲ್ಲಿ ಅದೇ ಭಾಲ್ಕಿ ಲೈಬ್ರರಿಯ ನಕ್ಷೆ ತಿದ್ದುತ್ತಿದ್ದೆ. ಬುಧವಾರ ಸಂಜೆಗೆ ಹನ್ನೆರಡೂ ಪಾಠಗಳು ಮುಗಿದವು. ಕೊನೆಗಿದ್ದ ಪರೀಕ್ಷೆಯ ಇಪ್ಪತ್ತು ಪ್ರಶ್ನೆಗಳನ್ನು ಕಾಲೇಜಿನ ನೆನಪಿನಿಂದ ಹೇಗೋ ದಾಟಿದೆ.

ದಾಟಿದ ಮೇಲೆ ಸರ್ಟಿಫಿಕೇಟ್ ಬರಬೇಕಿತ್ತು, ಬಂದದ್ದು ಇನ್ನೊಂದು ಪುಟ. ‘ನೀವು ವಿನ್ಯಾಸ ಮಾಡಿದ, ಕಟ್ಟಿ ಮುಗಿದಿರುವ ಒಂದು ಮೆಟ್ಟಿಲಿನ ಫೋಟೋ ಕಳಿಸಿ. ಅಳತೆ ಟೇಪು ಕಾಣುವಂತಿರಲಿ.’ ಕಟ್ಟಿ ಮುಗಿದ, ನನ್ನದೇ ಎನ್ನಬಹುದಾದ ಮನೆ ಇದ್ದದ್ದು ಒಂದೇ, ಔರಾದ ತಾಲೂಕಿನ ಸಂತಪುರದ ಶಾಂತಾಬಾಯಿ ಟೀಚರ್ ಅವರದು. ರಿಟೈರಾದ ಮೇಲೆ ಪುಸ್ತಕಗಳಿಗೆಂದೇ ಮಾಳಿಗೆಯ ಮೇಲೊಂದು ಕೋಣೆ ಬೇಕೆಂದು ಹಟ ಹಿಡಿದು ಕಟ್ಟಿಸಿದವರು. ಆ ಮನೆಯನ್ನು ನಾನು ಮುಗಿದ ಮೇಲೆ ನೋಡಿರಲೇ ಇಲ್ಲ. ನಮ್ಮ ಕಡೆಯ ಪದ್ಧತಿಯೇ ಹಾಗೆ: ನಕ್ಷೆ ಕೊಟ್ಟಲ್ಲಿಗೆ ನಮ್ಮ ಕೆಲಸ ಮುಗಿಯಿತು, ಆಮೇಲೆ ಮನೆ ಕಟ್ಟುವ ಮಿಸ್ತ್ರಿಯದು. ಗೃಹಪ್ರವೇಶದ ದಿನ ನನಗೆ ಜ್ವರ ಬೇರೆ ಬಂದಿತ್ತು. ಮಿಸ್ತ್ರಿ ಮಹಬೂಬ ಚಾಚಾ ಮನೆಯ ಮುಂಭಾಗದ ಫೋಟೋ ಕಳಿಸಿದ್ದರು, ಒಳಗಿನದು ಕಳಿಸಿರಲಿಲ್ಲ. ಯಾಕೆ ಕಳಿಸಿರಲಿಲ್ಲವೆಂದು ನಾನು ಆಗ ಕೇಳಲಿಲ್ಲ.

ಗುರುವಾರ ಔರಾದ ಬಸ್ಸು ಹತ್ತಿ ಸಂತಪುರದಲ್ಲಿ ಇಳಿದೆ. ಮೆಟ್ಟಿಲಿನ ಫೋಟೋಕ್ಕೆ ಬರುತ್ತೇನೆಂದು ಮೊದಲೇ ಫೋನ್ ಮಾಡಿದ್ದರಿಂದ ಟೀಚರ್ ಬಾಗಿಲಲ್ಲೇ ನಿಂತಿದ್ದರು. “ಬಾ ಯವ್ವಾ, ಮೊದಲ ಚಾ ಕುಡಿ. ಮೆಟ್ಲ ಎಲ್ಲಿ ಓಡಿ ಹೋಗ್ತಾವ” ಎಂದು ಎರಡು ಸಲ ಚಹಾ ಕುಡಿಸಿದರು. ಮೂರನೆಯದಕ್ಕೆ ನೀರಿಡಲು ಹೊರಟಾಗ ನನಗೆ ಸಂಶಯ ಬಂತು. ಎದ್ದು ಒಳಗೆ ಹೋದೆ. ಅಲ್ಲಿ ಮೆಟ್ಟಿಲು ಇತ್ತು, ಆದರೆ ಅದು ನನ್ನದಲ್ಲ. ನಾನು ಬರೆದದ್ದು ಗೋಡೆಗುಂಟ ಒಂದೇ ಉಸಿರಿಗೆ ಮೇಲೇರುವ ಹದಿನೆಂಟು ಮೆಟ್ಟಿಲು, ಪಕ್ಕದಲ್ಲಿ ಬಿಸಿಲು ಬೀಳುವ ಖಾಲಿ ಜಾಗದಲ್ಲಿ ಒಂದು ಗಿಡ. ಆ ಗಿಡದ ಎಲೆಗಳನ್ನು ಬರೆಯಲು ನನಗೆ ಒಂದು ಪೂರ್ತಿ ದಿನ ಹಿಡಿದಿತ್ತು. ಇಲ್ಲಿ ಗಿಡವೂ ಇಲ್ಲ, ಅದರ ಜಾಗವೂ ಇಲ್ಲ. ಅಗಲವಾದ ಮೆಟ್ಟಿಲುಗಳು ಅದನ್ನೆಲ್ಲ ನುಂಗಿ, ನಡುವೆ ತಿರುಗಿ, ಮೇಲೆ ಹೋಗಿದ್ದವು. ಎರಡೂ ಬದಿಗೆ ಹಿಡಿಕೆ. ತಿರುವಿನಲ್ಲಿ ಕೂತು ದಣಿವಾರಿಸಿಕೊಳ್ಳಲು ಸಣ್ಣದೊಂದು ಕಟ್ಟೆ. ಎಣಿಸುತ್ತ ಹತ್ತಿದೆ. ಇಪ್ಪತ್ತೆರಡು. ಟೇಪು ಹಿಡಿದೆ. ನಾನು ಬರೆದ ಎತ್ತರ ಏಳಿಂಚು, ಇಲ್ಲಿದ್ದದ್ದು ಆರಕ್ಕೆ ಕಾಲಿಂಚು ಕಡಿಮೆ.

ಟೀಚರ್ ಫೋನ್ ಹಚ್ಚಿದ ಹತ್ತು ನಿಮಿಷಕ್ಕೆ ಮಹಬೂಬ ಚಾಚಾ ಬೈಕಿನಲ್ಲಿ ಬಂದರು. ಬಂದವರು ನನ್ನ ಮುಖ ನೋಡದೆ ಮೆಟ್ಟಿಲನ್ನೇ ನೋಡುತ್ತ ನಿಂತರು.

“ಚಾಚಾ, ನನ್ನ ನಕ್ಷೆ ಏನಾಯಿತು?”

“ನಕ್ಷಾ ಭಾಳ ಚಂದ ಇತ್ರಿ ಮೇಡಂ. ಗಿಡ ಅಂತೂ ಖರೇ ಗಿಡಾನೇ. ಆದ್ರ ಟೀಚರ್ ಬಾಯಾರ ಮೊಣಕಾಲು ಅದರಾಗ ಇರಲಿಲ್ರಿ.”

“ಇದರ ಅಳತೆ ಎಲ್ಲಿಂದ ತಂದಿರಿ?”

“ಅಳತಿ ಏನ್ ತರೋದ್ರಿ. ಹಲಗಿ ತುಂಡು ಒಂದರ ಮ್ಯಾಲ ಒಂದ್ ಇಟ್ಕೋತ ಹ್ವಾದೆ, ಕಾಲ ಎತ್ತಿ ಇಡ್ರಿ ಬಾಯಿ ಅಂದೆ. ಎಲ್ಲೀ ತನಕ ಮಾರಿ ಕಿವುಚಲಿಲ್ಲ, ಅಲ್ಲಿಗೆ ಗೋಡಿ ಮ್ಯಾಲ ಗೀಟು ಹಾಕ್ದೆ. ಅಷ್ಟೇ.”

“ನನಗೊಂದು ಮಾತು ಹೇಳಬಾರದಿತ್ತೇ?”

ಉತ್ತರ ಟೀಚರ್ ಕಡೆಯಿಂದ ಬಂತು. “ನಾನೇ ಬ್ಯಾಡ ಅಂದೆ. ಮೊದಲನೇ ಮನಿ, ಮನಸಿಗೆ ಹಚ್ಕೋತಾಳ ಅಂದೆ.”

ಅಂದರೆ ಇಡೀ ಸಂತಪುರಕ್ಕೆ ಗೊತ್ತಿದ್ದ ಸಂಗತಿ ನನಗೊಬ್ಬಳಿಗೇ ಗೊತ್ತಿರಲಿಲ್ಲ. ಸಿಟ್ಟು ಮಾಡೋಣವೆಂದರೆ, ಟೀಚರ್ ಅಷ್ಟರಲ್ಲಿ ಮೇಲಿನ ಕೋಣೆಯಿಂದ ಕನ್ನಡಕ ತರಲು ಸಲೀಸಾಗಿ ಹತ್ತಿಹೋಗಿ ಇಳಿದೂ ಬಂದಿದ್ದರು. ಟೇಪು ಹಿಡಿದು ಫೋಟೋ ತೆಗೆದು ಕಳಿಸಿದೆ. ಕೂಡಲೇ ಕೊನೆಯ ಪ್ರಶ್ನೆ ಬಂತು: ‘ಚಿತ್ರದಲ್ಲಿರುವ ಮೆಟ್ಟಿಲನ್ನು ನೀವೇ ವಿನ್ಯಾಸ ಮಾಡಿದ್ದೀರಾ? ಹೌದು, ಇಲ್ಲ.’ ನಾನು ಫೋನ್ ಹಿಡಿದುಕೊಂಡು ತಿರುವಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಸರ್ಟಿಫಿಕೇಟಿನ ವಿಷಯ ಹೇಳದೆ ವಿಧಿಯಿರಲಿಲ್ಲ, ಹೇಳಿದೆ.

“ಹೌದು ಅಂತ ಒತ್ತು ಯವ್ವಾ” ಎಂದರು ಟೀಚರ್. “ಮೂವತ್ತು ವರ್ಷ ಕಾಪಿ ಹೊಡೆಯೋರ ಕಿವಿ ಹಿಂಡೀನಿ. ಇವತ್ತ ನಾನೇ ಹೇಳ್ತೀನಿ, ಹೊಡಿ.”

“ಒತ್ರಿ ಮೇಡಂ” ಎಂದರು ಚಾಚಾ. “ನನಗ ಸರ್ಟಿಫಿಕೇಟ್ ತೊಗೊಂಡು ಏನ್ ಮಾಡೋದದ? ಗೋಡಿಗಿ ಮೊಳಿ ಹೊಡದ್ರ ಪ್ಲಾಸ್ಟರ್ ಹೋಗ್ತದ.”

ನಾನು ‘ಇಲ್ಲ’ ಒತ್ತಿದೆ. ಇದನ್ನು ಸತ್ಯಸಂಧತೆ ಎಂದು ದಯವಿಟ್ಟು ಯಾರೂ ತಿಳಿಯಬಾರದು. ಹನ್ನೆರಡು ತಾಸು ನನ್ನ ಬದಲು ಅವ್ವನಿಂದ ‘ಹೌದು’ ಒತ್ತಿಸಿದವಳು ನಾನು. ಹದಿನೆಂಟೆಂದು ಎಣಿಸಿ ಬರೆದ ಕೈ ಇಪ್ಪತ್ತೆರಡನ್ನು ತನ್ನದೆನ್ನಲು ಒಪ್ಪಲಿಲ್ಲ, ಅಷ್ಟೇ. ಅದು ಲೆಕ್ಕದ ಹಟ. ಫೋನು ಎರಡು ಕ್ಷಣ ಯೋಚಿಸಿ, ‘ಉತ್ತರಕ್ಕೆ ಧನ್ಯವಾದ. ದಯವಿಟ್ಟು ಮೊದಲ ಪಾಠದಿಂದ ಆರಂಭಿಸಿ’ ಎಂದಿತು. “ಹುಚ್ಚಿ” ಎಂದರು ಟೀಚರ್, ಇಟ್ಟಿದ್ದ ಮೂರನೆಯ ಚಹಾ ತಂದುಕೊಟ್ಟು.

ಬಸ್ಸಿನಲ್ಲಿ ಬರುತ್ತ, ಬೇರೇನೂ ಮಾಡಲಿಕ್ಕಿಲ್ಲದೆ, ಮೊದಲ ಪಾಠವನ್ನು ಸದ್ದು ಹಚ್ಚಿ ಕೇಳಿದೆ. ಆರನೆಯ ನಿಮಿಷಕ್ಕೆ ಪಾಠ ನಿಲ್ಲಿಸಿ, ಹಿಂದಕ್ಕೆ ಓಡಿಸಿ ಮತ್ತೆ ಕೇಳಿದೆ. ಮೆಟ್ಟಿಲಿನ ಎತ್ತರ ಆರಿಂಚು ಮೀರಬಾರದು, ಎರಡೂ ಬದಿಗೆ ಹಿಡಿಕೆ ಇರಲಿ, ನಡುವೆ ನಿಲ್ಲಲು ಜಾಗವಿರಲಿ. ಚಾಚಾ ಹಲಗೆ ತುಂಡಿನಲ್ಲಿ ಹೇಳಿದ್ದನ್ನೇ ಪಾಠ ಮಾಡುವ ಆ ಪುಣ್ಯಾತ್ಮ ಬಣ್ಣದ ಚಿತ್ರ ತೋರಿಸಿ ಹೇಳುತ್ತಿದ್ದ. ಅದಕ್ಕಿಂತ ದೊಡ್ಡ ಆಘಾತ ಶುಕ್ರವಾರ ಆಫೀಸಿನಲ್ಲಿ ಕಾದಿತ್ತು. ಭಾಲ್ಕಿ ಲೈಬ್ರರಿಯ ನಕ್ಷೆ ಬಿಚ್ಚಿದರೆ ಅದೇ ಏಳಿಂಚು, ಅದೇ ಒಂದೇ ಉಸಿರು, ಅದೇ ಗಿಡ. ಕೋರ್ಸು ಓಡುತ್ತಿದ್ದಾಗಲೇ ಪಕ್ಕದ ಕೋಣೆಯಲ್ಲಿ ಕೂತು ಬರೆದದ್ದು. ಗಿಡ ಕಿತ್ತೆ. ಶನಿವಾರ ಮಧ್ಯಾಹ್ನದವರೆಗೆ ಮೆಟ್ಟಿಲು ಪೂರ್ತಿ ಬೇರೆ ಬರೆದೆ. “ಮೆಟ್ಲ ಭಾಳ ಜಾಗಾ ತಿಂತಲ್ರೀ” ಎಂದು ಸರ್ ಗೊಣಗಿ, ಸಹಿ ಹಾಕಿದರು. ಮೂಲೆಯ ಚೌಕದಲ್ಲಿ ಅವರ ಹೆಸರೊಂದೇ ಹೋಯಿತು.

ಮೊನ್ನೆ ಮಹಬೂಬ ಚಾಚಾ ಫೋನ್ ಮಾಡಿದ್ದರು. ಭಾಲ್ಕಿಯ ಆ ಕೆಲಸಕ್ಕೆ ಅವರೇ ಮಿಸ್ತ್ರಿಯಂತೆ. ನಕ್ಷೆ ಕೈಗೆ ಬಂದಿದೆಯಂತೆ. “ಮೇಡಂ, ನಲವತ್ತು ವರ್ಷದಾಗ ಇದೇ ಮೊದಲು ನೋಡ್ರಿ, ಮೆಟ್ಲಿಗಿ ನಾ ಕೈ ಹಚ್ಚೋದೇ ಬ್ಯಾಡ. ಎಲ್ಲಾ ಬರೋಬರಿ ಅದ. ಕೆಳಗ ನಿಮ್ಮ ಸರ್ ಹೆಸರು ನೋಡ್ದೆ. ಭಾಳ ಶಾಣ್ಯಾ ಮನಷ್ಯಾರಿ ಅವರು.” ನಾನು ಹೂಂ ಎಂದೆ. ಚಾಚಾ ದನಿ ತಗ್ಗಿಸಿ, ಸಂಕೋಚದಿಂದಲೇ ಮುಂದುವರಿಸಿದರು: “ತಪ್ಪ್ ತಿಳೀಬ್ಯಾಡ್ರಿ. ನೀವ್ ಭೀ ಅವರ ಬಾಜೂಕೇ ಕೂಡ್ತೀರಲ್ಲ. ಜರಾ ನೋಡಿ ಕಲೀರಿ.”

“ಕಲೀಲಿಕತ್ತೀನಿ ಚಾಚಾ” ಎಂದೆ. “ಏಳನೇ ಪಾಠ ನಡೆದದ.”