ತಲೆಯ ಮೇಲೆ ಕೈ

ಎಲ್ಲದಕ್ಕೂ ಕಾರಣ ಶುಭ ಶುಕ್ರವಾರ ಚರ್ಚಿನಲ್ಲಿ ಗುರುಗಳು ಮಾಡಿದ ಪ್ರಸಂಗ. ಆ ದಿನ ಇನ್ನಾಸಪ್ಪ ತೂಕಡಿಸದೆ ಕೇಳಿಬಿಟ್ಟಿದ್ದ.

ಯೇಸುಸ್ವಾಮಿ ಹುಟ್ಟುವುದಕ್ಕೆ ಎಷ್ಟೋ ಕಾಲ ಮೊದಲು ಹೀಬ್ರೂ ಜನರಲ್ಲಿ ಒಂದು ಪದ್ಧತಿ ಇತ್ತೆಂದು ಗುರುಗಳು ಹೇಳಿದರು. ಯಾಜಕ ಒಂದು ಹೋತದ ತಲೆಯ ಮೇಲೆ ಕೈಯಿಟ್ಟು ಜನರ ಪಾಪವನ್ನೆಲ್ಲ ಅದಕ್ಕೆ ಹೊರಿಸಿ ಕಾಡಿಗೆ ಅಟ್ಟುತ್ತಿದ್ದ. ಆಮೇಲೆ ಬಂದ ಪ್ರವಾದಿಯೊಬ್ಬ, ಮುಂದೆ ಒಬ್ಬ ಬರುತ್ತಾನೆ, ತಪ್ಪು ನಮ್ಮದು, ಪೆಟ್ಟು ಅವನದು, ಕುರಿಮರಿಯ ಹಾಗೆ ಬಾಯಿ ತೆರೆಯದೆ ಹೊರುತ್ತಾನೆ ಎಂದು ಹೇಳಿಟ್ಟಿದ್ದನಂತೆ. “ಯೇಸುಸ್ವಾಮಿ ನಮಗಾಗಿ ಅಷ್ಟು ಹೊತ್ತರು. ಪಕ್ಕದವನಿಗಾಗಿ ನೀವು ಒಂದು ಹಿಡಿ ಹೊರಲಾರಿರಾ?” ಎಂದು ಕೇಳುವಾಗ ಗುರುಗಳ ಕಣ್ಣು ತನ್ನ ಮೇಲೇ ನೆಟ್ಟಿದೆ ಎಂದು ಇನ್ನಾಸಪ್ಪನಿಗೆ ಅನಿಸಿತು. ಅವರು ನೋಡುತ್ತಿದ್ದದ್ದು ಅವನ ಹಿಂದಿನ ಗೋಡೆ ಗಡಿಯಾರವನ್ನು.

ಮರುದಿನ ಪೀಣ್ಯದ ಕಾರ್ಖಾನೆಗೆ ಹೊರಟವನಿಗೆ ಹೆಂಡತಿ ಚೌರಮ್ಮ ಬುತ್ತಿ ಕೊಟ್ಟು ಎಚ್ಚರಿಸಿದಳು. ಖಾಯಂ ಕೆಲಸ ಒಂದೇ. ಕಾದಿರುವವರು ಇಬ್ಬರು, ಇವನು ಮತ್ತು ಪಕ್ಕದ ಲೇತಿನ ಮುನಿಯಣ್ಣ. ಮ್ಯಾನೇಜರು ಹೆಸರು ಹೇಳುವುದು ಇವತ್ತು ಸಂಜೆ. ಸಿಕ್ಕರೆ ಈ ಸೋರುವ ಶೀಟಿನ ಮನೆ ಬಿಡಬಹುದು.

“ಇವತ್ತೊಂದಿನ ಬಾಯಿ ಮುಚ್ಕೊಂಡಿರಿ, ಸಾಕು.”

ಪ್ರವಾದಿಗೂ ಚೌರಮ್ಮನಿಗೂ ಒಂದೇ ಅಭಿಪ್ರಾಯವಿದ್ದದ್ದು ಇನ್ನಾಸಪ್ಪನಿಗೆ ಶುಭಸೂಚನೆಯಾಗಿ ಕಂಡಿತು.

ಕೆಲಸ ಶುರುವಾಗಿ ಸ್ವಲ್ಪ ಹೊತ್ತಿಗೆ ಮುನಿಯಣ್ಣನ ಕೈಯಿಂದ ಅಳತೆಯ ಗೇಜು ಜಾರಿ ಬಿದ್ದು ಮುರಿಯಿತು. ಜರ್ಮನಿಯಿಂದ ತರಿಸಿದ್ದು, ಮ್ಯಾನೇಜರು ಅದನ್ನು ಹೊಸ ಅಳಿಯನ ಹಾಗೆ ನೋಡಿಕೊಳ್ಳುತ್ತಿದ್ದರು. ಮನೆ ತುಂಬ ಹೆಣ್ಣುಮಕ್ಕಳಿರುವ ಮುನಿಯಣ್ಣನ ಮುಖ ಬೂದಿ ಬಳಿದ ಸೌಟಿನಂತಾಯಿತು. ಫೋರ್‌ಮನ್ ಗೋಪಾಲಪ್ಪ ಓಡಿಬಂದು ಯಾರ ಕೆಲಸ ಎಂದು ಕೇಳಿದ.

ಇನ್ನಾಸಪ್ಪ ಸುಮ್ಮನೆ ನಿಂತಿದ್ದರೆ ಖಾಯಂ ಕೆಲಸ ತಾನಾಗಿ ಮಡಿಲಿಗೆ ಬೀಳುತ್ತಿತ್ತು.

“ನಾನೇ ಸಾರ್,” ಎಂದ. ಎಂದವನು ಬಾಯಿ ಮುಚ್ಚಿಕೊಂಡ.

ಗೇಜು ಬಿದ್ದದ್ದು ಯಾರ ಕೈಯಿಂದ ಎಂದು ಸಾಲಿನವರೆಲ್ಲ ಕಂಡಿದ್ದರು. ಹೊರುವವನೊಬ್ಬ ಸಿಕ್ಕಿದ್ದಾನೆಂಬ ಸುದ್ದಿ ಶೆಡ್ಡು ದಾಟಿ ಕ್ಯಾಂಟೀನಿಗೂ ಹೋಯಿತು. ಮೊದಲು ಬಂದವನು ಸ್ಟೋರಿನ ನಲ್ಲಪ್ಪ. ಇನ್ನಾಸಪ್ಪನ ತಲೆ ನೇವರಿಸಿ, “ಮಗಾ, ಹೆಂಗೂ ಹೊತ್ಕೊಂಡಿದ್ದೀಯ. ಸ್ಟೋರಿನ ಡ್ರಿಲ್ ಕಳೆದಿದ್ದೂ ನೀನೇ ಅಂದ್ಬಿಡು. ಒಂದಕ್ಕೆ ಬೈದ್ರೂ ಅದೇ ಬಾಯಿ, ಎರಡಕ್ಕೆ ಬೈದ್ರೂ ಅದೇ ಬಾಯಿ,” ಎಂದ.

ಆಮೇಲೆ ಕ್ಯಾಂಟೀನಿನ ಭದ್ರಮ್ಮ ಒದ್ದೆ ಕೈಯನ್ನೇ ಅವನ ತಲೆಯ ಮೇಲಿಟ್ಟಳು. “ದೊಡ್ಡೋನು ಕಣಪ್ಪಾ ನೀನು. ಸಾಯೇಬ್ರ ಕಾಪಿಗೆ ಉಪ್ಪು ಬಿತ್ತಲ್ಲ, ಅದ್ನೂ ಅಂಗೇ ಸೇರ್ಸ್ಕೊಂಡ್ಬುಡು.”

ಕಡೆಗೆ ಗೋಪಾಲಪ್ಪನೇ ಬಂದ. ಗಿರಾಕಿಗೆ ತಪ್ಪು ಅಳತೆಯ ಬೋಲ್ಟು ಹೋಗಿದ್ದ ವಿಷಯವನ್ನು ಮೆಲ್ಲಗೆ ಹೇಳಿ, ತಲೆ ತಟ್ಟಿ ಹೋದ. ಊಟದ ಹೊತ್ತಿಗೆ ಇನ್ನಾಸಪ್ಪನ ತಲೆಯ ಕೊಬ್ಬರಿ ಎಣ್ಣೆಯೆಲ್ಲ ಕಾರ್ಖಾನೆಯವರ ಅಂಗೈ ಸೇರಿತ್ತು. ಹತ್ತಿರ ಬಾರದವನು ಮುನಿಯಣ್ಣ ಒಬ್ಬನೇ. ಅವನು ಕೈ ತೊಳೆದುಕೊಂಡು ಬಂದು ಮುದ್ದೆ ಮುರಿಯದೆ ಕೂತಿದ್ದ.

ಸಂಜೆ ಮ್ಯಾನೇಜರು ಒಂದೊಂದೇ ತಪ್ಪು ಕೇಳುತ್ತ ಹೋದರು. ಇನ್ನಾಸಪ್ಪ ಒಂದೊಂದಕ್ಕೂ ತಲೆಯಾಡಿಸಿದ. ಕಾಫಿಗೆ ಉಪ್ಪು ಹಾಕಲು ಲೇತು ಬಿಟ್ಟು ಯಾವಾಗ ಹೋಗಿದ್ದೆ ಎಂದದ್ದಕ್ಕೂ ತಲೆಯಾಡಿಸಿದ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಮುನಿಯಣ್ಣ ಒಳಗೆ ಬಂದ. ಕಣ್ಣು ಕೆಂಪಾಗಿತ್ತು.

“ಗೇಜು ಬೀಳ್ಸಿದ್ದು ನಾನು ಸಾರ್. ನನ್ ಮಕ್ಕಳ ಮುಖ ನೋಡಿ ಇವನು ತಲೆ ಕೊಟ್ಟ. ಅದನ್ನ ನೆನೆಸ್ಕೊಂಡ್ರೆ ಅನ್ನ ಇಳೀತಿಲ್ಲ.”

ಮ್ಯಾನೇಜರು ಕನ್ನಡಕ ತೆಗೆದು ಒರೆಸಿದರು. ಇಂಥ ಪ್ರಾಮಾಣಿಕನನ್ನು ತಮ್ಮ ಸರ್ವೀಸಿನಲ್ಲೇ ಕಂಡಿಲ್ಲವೆಂದರು. ಗೇಜಿನ ತಪ್ಪು ಮನ್ನಾ ಮಾಡಿದರು. ಖಾಯಂ ಕೆಲಸ ಮುನಿಯಣ್ಣನಿಗೇ ಎಂದು ಅಲ್ಲೇ ಹೇಳಿ ಇನ್ನಾಸಪ್ಪನ ಕಡೆ ತಿರುಗಿದರು.

“ನೀನು ನನ್ನೆದುರಿಗೇ ಸುಳ್ಳು ಹೇಳ್ದೆ. ಇರ್ಲಿ, ಗೇಜಿನ ವಿಷಯ ಬಿಟ್ಟೆ. ಉಳಿದಿದ್ದೆಲ್ಲ ನಿಂದೇ ತಾನೆ?”

ಇನ್ನಾಸಪ್ಪ ಬಾಯಿ ತೆರೆದ. ಬಾಗಿಲ ಸಂದಿಯಲ್ಲಿ ನಲ್ಲಪ್ಪ, ಭದ್ರಮ್ಮ, ಗೋಪಾಲಪ್ಪ ಒಂದರ ಮೇಲೊಂದು ಮುಖ ಪೇರಿಸಿಕೊಂಡು ನಿಂತಿದ್ದರು. ಅವನು ಮತ್ತೆ ಬಾಯಿ ಮುಚ್ಚಿ ತಲೆಯಾಡಿಸಿದ.

“ಮೂರು ದಿನ ಈ ಕಡೆ ತಲೆ ಹಾಕ್ಬೇಡ. ಆಮೇಲೆ ಎದ್ದು ಬಾ, ಟೆಂಪರರಿಯಾಗೇ.”

ಗೇಟಿನಾಚೆ ಖಾಲಿ ಸೈಟುಗಳ ತುಂಬ ಲಂಟಾನಾ ಬೆಳೆದು ಕಾಡಾಗಿತ್ತು. ಯಾರದೋ ಮೇಕೆಗಳು ಮೇಯುತ್ತಿದ್ದವು. ಇನ್ನಾಸಪ್ಪ ಒಂದು ಸೈಜುಗಲ್ಲಿನ ಮೇಲೆ ಕೂತ. ಬಾಯಿ ಮುಚ್ಚಿಕೊಂಡೇ ಇದ್ದೆನೆಂದು ಚೌರಮ್ಮನಿಗೆ ಆಣೆಯಿಟ್ಟು ಹೇಳಬಹುದು. ಅದಾದ ಮೇಲೆ ಏನು ಹೇಳುವುದೆಂದು ಹೊಳೆಯಲಿಲ್ಲ. ಗಡ್ಡದ ಹೋತವೊಂದು ಸೊಪ್ಪು ಅಗಿಯುವುದು ನಿಲ್ಲಿಸಿ, ಬಹುಕಾಲದ ಪರಿಚಯದವನನ್ನು ನೋಡುವಂತೆ ಅವನನ್ನು ನೋಡಿ, ಬ್ಯಾ ಎಂದಿತು.

ಇನ್ನಾಸಪ್ಪ ತಲೆಯ ಮೇಲೆ ಕೈ ಹೊತ್ತ. ಬೆಳಗಿನಿಂದ ಆ ತಲೆಯ ಮೇಲೆ ಬಂದ ಕೈಗಳಲ್ಲಿ ಅವನದೇ ಆದದ್ದು ಅದೊಂದೇ.